ಟೇಪು ಒಂದೇ, ಲೆಕ್ಕ ಎರಡು

ಗಂಡ-ಹೆಂಡತಿ ಇಬ್ಬರ ಸ್ಕ್ಯಾನಿಂಗ್ ವರದಿಯಲ್ಲೂ ‘ಫ್ಯಾಟಿ ಲಿವರ್’ (ಲಿವರಿನಲ್ಲಿ ಕೊಬ್ಬು ಸೇರಿದೆ) ಎಂದಿದ್ದರೆ ಇಬ್ಬರಿಗೂ ಒಂದೇ ಲೆಕ್ಕ ಹಾಕಬೇಡಿ. ನಾನು ನಿವೃತ್ತ ದಾದಿ. ಗೋಣಿಕೊಪ್ಪಲಿನ ನಮ್ಮ ಮನೆಗೆ ವರದಿ ಹಿಡಿದು ಬರುವವರ ಮುಂದೆ ಮೊದಲು ಕಾಫಿ ಇಡುತ್ತೇನೆ, ಆಮೇಲೆ ದರ್ಜಿಯ ಟೇಪು ತೆಗೆಯುತ್ತೇನೆ.

ನೆಟ್ಟಗೆ ನಿಂತು, ಉಸಿರನ್ನು ಸಹಜವಾಗಿ ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರನ್ನು ಮಾತಿಗೆಳೆದು ಮತ್ತೊಮ್ಮೆ ಅಳೆಯುವುದು ನನ್ನ ಉಪಾಯ. ನಮ್ಮವರಲ್ಲಿ ಗಂಡಸಿಗೆ 90, ಹೆಂಗಸಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಗಂಡಸರ ಕೊಬ್ಬು ಹೆಚ್ಚಾಗಿ ಕರುಳಿನ ಸುತ್ತ ಸೇರುತ್ತದೆ. ಅಲ್ಲಿಂದ ರಕ್ತ ನೇರ ಲಿವರಿಗೇ ಹೋಗುತ್ತದೆ. ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಈಸ್ಟ್ರೋಜನ್ ಅದನ್ನು ತೊಡೆ, ನಿತಂಬಗಳ ಚರ್ಮದಡಿ ಕೂಡಿಡುತ್ತದೆ. ಲಿವರಿಗೆ ಬಂದ ಕೊಬ್ಬನ್ನೂ ಅವರ ದೇಹ ಹೆಚ್ಚಾಗಿ ಕೀಟೋನ್ ಎಂಬ ಇಂಧನವಾಗಿ ಮಾಡಿ ಸಾಗಹಾಕುತ್ತದೆ. ಮುಟ್ಟು ನಿಂತ ಮೇಲೆ ಈ ಕಾವಲು ಸಡಿಲ. 40ರಲ್ಲಿ ಚೆನ್ನಾಗಿದ್ದ ವರದಿಯನ್ನು 55ರಲ್ಲೂ ನಂಬಿ ಕೂರುವ ಅಕ್ಕಂದಿರೇ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಹುಡುಗಿಯರು ಅಷ್ಟು ವರ್ಷ ಕಾಯುವುದೂ ಬೇಡ.

ರಕ್ತಪರೀಕ್ಷೆಯ ಹಾಳೆಯಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವದ ಸಾಲು ಹುಡುಕಿ. ಅಚ್ಚಾದ ಮಿತಿ ಹಲವು ಕಡೆ ಇಬ್ಬರಿಗೂ ಒಂದೇ. ನಾನು ಗಂಡಸಿಗೆ 33, ಹೆಂಗಸಿಗೆ 25 ದಾಟಿದರೆ ವೈದ್ಯರ ಬಳಿ ಕಳುಹಿಸುತ್ತೇನೆ. ಕಡಿಮೆಯಿದ್ದ ಮಾತ್ರಕ್ಕೆ ಕೊಬ್ಬಿಲ್ಲವೆಂದು ಹೇಳಲಾಗದು.

ಪುತ್ತರಿ ಹಬ್ಬ, ಮದುವೆ ಎಂದರೆ ನಮ್ಮಲ್ಲಿ ಗ್ಲಾಸು ತಪ್ಪುವುದಿಲ್ಲ. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ ಗಂಡಸಿಗೆ 30, ಹೆಂಗಸಿಗೆ 20 ಗ್ರಾಂ ಮೀರಿದರೆ ವೈದ್ಯರು ಕುಡಿತವನ್ನೂ ಕಾರಣವೆಂದು ಎಣಿಸುತ್ತಾರೆ. ಅಷ್ಟರವರೆಗೆ ಕುಡಿಯಬಹುದು ಎಂದು ಇದರರ್ಥವಲ್ಲ. ಲಿವರಿನಲ್ಲಿ ಕೊಬ್ಬಿದ್ದರೆ ಬಿಡುವುದೇ ಲೇಸು.

ತೂಕ ಹೆಚ್ಚಿದ್ದವರು ನೂರಕ್ಕೆ 7ರಿಂದ 10ರಷ್ಟು ಇಳಿಸಬೇಕು; 70 ಕಿಲೋ ಇದ್ದರೆ 5 ಕಿಲೋದಿಂದ ಶುರು ಮಾಡಿ. ಪಂದಿಕರಿಯ (ಹಂದಿಮಾಂಸದ ಸಾರು) ಮೇಲೆಯೇ ಎಲ್ಲ ತಪ್ಪು ಹೊರಿಸಿ, ಅಕ್ಕಿಯ ಉಂಡೆಯಾದ ಕಡಂಬುಟ್ಟನ್ನು ಲೆಕ್ಕವಿಲ್ಲದೆ ತಿನ್ನುವವರಿದ್ದಾರೆ. ಎರಡನ್ನೂ ಅರ್ಧಕ್ಕಿಳಿಸಿ. ಕಾಫಿ ಇರಲಿ, ಬೆಲ್ಲ ಬೇಡ.

ನಮ್ಮ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ಕೊಬ್ಬು ಕರಗಿಸುತ್ತದೆ ಎಂದು ಅದರ ಹಣ್ಣಿನ ಸಾರದ ‘ಗಾರ್ಸಿನಿಯಾ’ ಮಾತ್ರೆ ನುಂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥ ಮಾತ್ರೆಗಳಿಂದ ಲಿವರಿಗೇ ಪೆಟ್ಟು ಬಿದ್ದ ಪ್ರಕರಣಗಳಿವೆ. ಕಾಚಂಪುಳಿ ಸಾರಿನಲ್ಲೇ ಇರಲಿ.