ಮನೆ ಶೆಡ್‌ನಲ್ಲೇ ಮೂರು ಕಾಲಿನ ಸ್ಟೂಲ್, ಕಾಲು ಕಡೆಯೋದರಿಂದ ಬೆಣೆ ಹೊಡೆಯೋವರೆಗೆ

ಲೇತ್, ಅಂದ್ರೆ ಮರ ತಿರುಗಿಸಿ ಕಡೆಯೋ ಮೆಷಿನ್, ತಗೊಂಡ ಹೊಸದರಲ್ಲಿ ಎಲ್ಲರೂ ಮಾಡೋದು ಒಂದೇ, ಲಟ್ಟಣಿಗೆ, ಬುಗುರಿ, ಮತ್ತೊಂದು ಲಟ್ಟಣಿಗೆ. ನಮ್ಮನೇಲಿ ಐದು ಲಟ್ಟಣಿಗೆ ಆದ್ಮೇಲೆ ಅಮ್ಮ "ಸಾಕಪ್ಪಾ, ಕೂರೋಕೆ ಏನಾದ್ರೂ ಮಾಡು" ಅಂದ್ರು, ಹಾಗೆ ಹಿಡಿದಿದ್ದು ಈ ಸ್ಟೂಲ್ ಹುಚ್ಚು. ಮೊದಲನೇದು ನೋಡೋಕೆ ಭರ್ಜರಿಯಾಗೇ ಇತ್ತು, ಕಾಲಲ್ಲಿ ಮಣಿ, ಉಂಗುರ ಎಲ್ಲಾ ಕಡೆದಿದ್ದೆ, ಆದ್ರೆ ಮಾರ್ಚ್ ಬಿಸಿಲು ಶುರುವಾಗೋ ಹೊತ್ತಿಗೆ ಮೂರೂ ಕಾಲು ಲೊಡಲೊಡ ಅನ್ನೋಕೆ ಹಿಡೀತು, ಆಮೇಲೆ ಒಂದಿನ ಭಾವ ಕೂತಾಗ ಒಂದು ಕಾಲು ಕಳಚೇ ಹೋಯ್ತು. ಮರ ಹಸಿ ಇತ್ತು, ಅಷ್ಟೇ ವಿಷಯ. ಅದಕ್ಕೇ ಇಲ್ಲಿ ಡಿಸೈನ್ ಬಗ್ಗೆ ಕಮ್ಮಿ, ಒಣಗಿಸೋದು ಮತ್ತು ಕೂರಿಸೋದರ ಬಗ್ಗೆ ಜಾಸ್ತಿ ಹೇಳ್ತೀನಿ.

ಮೊದಲು ಮರ. ನಾನು ಹಲಸು ಹಾಕ್ತೀನಿ. ವೀಣೆ, ಮೃದಂಗಕ್ಕೆ ಹೋಗೋ ಮರ ಅದು, ಕಡೆಯೋಕೆ ಹದವಾಗಿರತ್ತೆ, ಹೊಸದರಲ್ಲಿ ಹಳದಿ ಇದ್ದು ವರ್ಷ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗತ್ತೆ. ಕಾಫಿ ತೋಟದ ಸಿಲ್ವರ್ ಓಕೂ ಪರವಾಗಿಲ್ಲ. ತೇಗಕ್ಕೆ ದುಡ್ಡು ಸುರಿಯೋದು ಕಲಿಯೋ ಕಾಲದಲ್ಲಿ ವೇಸ್ಟು. ಇನ್ನೂ ಒಳ್ಳೇದು ಅಂದ್ರೆ ಹಳೇ ಮನೆ ಕೆಡವಿದ ತೊಲೆ, ಜಂತೆ ತುಂಡು, ಹತ್ತಾರು ವರ್ಷ ಸೂರಿನ ಕೆಳಗೇ ಒಣಗಿರತ್ತೆ, ಆದ್ರೆ ಮೊಳೆ ಹುಡುಕಿ ಹುಡುಕಿ ಕೀಳಬೇಕು, ಒಂದು ಮೊಳೆ ಉಳಿದ್ರೂ ಉಳಿ ಬಾಯಿ ಹೋಯ್ತು. ಕಾಲಿಗೆ 2 ಇಂಚು ಚೌಕದ 18 ಇಂಚು ಉದ್ದದ ಮೂರು ತುಂಡು, ಕೂರೋ ಹಲಗೆಗೆ 12 ಇಂಚು ಚೌಕ, ಒಂದೂಕಾಲು ಇಂಚು ದಪ್ಪ. ಕಾಲಿನ ತುಂಡು ಆರಿಸುವಾಗ ಎಳೆ (ಮರದ ನಾರಿನ ಗೆರೆ) ನೋಡಿ, ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡ್ಬೇಕು, ಮಧ್ಯದಲ್ಲೇ ಪಕ್ಕಕ್ಕೆ ಹೊರಟುಹೋಗಿದ್ರೆ ಆ ಕಾಲು ಒಂದಲ್ಲ ಒಂದಿನ ಅಲ್ಲೇ ಸೀಳೋದು.

ಹಸಿ ಮರ ಆದ್ರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಹಳಬರ ಲೆಕ್ಕ. ಅಷ್ಟು ಕಾಯೋ ತಾಳ್ಮೆ ಯಾರಿಗಿದೆ, ಅದಕ್ಕೆ ಒಂದು ಉಪಾಯ ಇದೆ. ಕಾಲನ್ನ ಮೊದಲು ಒರಟಾಗಿ ದುಂಡಗೆ ಕಡೆದು, ಬೇಕಾದ್ದಕ್ಕಿಂತ ಕಾಲು ಇಂಚು ದಪ್ಪ ಬಿಟ್ಟು, ಎರಡೂ ತುದಿಗೆ ಮೇಣನೋ ಹಳೇ ಪೇಂಟೋ ಬಳಿದು ಅಟ್ಟಕ್ಕೆ ಹಾಕಿಬಿಡಿ. ಬಿಸಿಲಿಗಿಟ್ರೆ ಪಟ್ ಅಂತ ಸೀಳತ್ತೆ, ನೆರಳೇ ಬೇಕು. ವಾರಕ್ಕೊಂದ್ಸಲ ಅಡುಗೆಮನೆ ತಕ್ಕಡೀಲಿ ತೂಗಿ ತೂಕನ ಕಾಲಿನ ಮೇಲೇ ಪೆನ್ಸಿಲಲ್ಲಿ ಬರೀರಿ, ಎರಡು ಮೂರು ವಾರ ತೂಕ ಇಳೀದೇ ನಿಂತ್ರೆ ಒಣಗಿದೆ ಅಂತ ಅರ್ಥ. ತಕ್ಕಡಿಗೆ ಮನೆಯವರ ಪರ್ಮಿಷನ್ ಮೊದಲೇ ತಗೊಳ್ಳಿ.

ಮೆಷಿನ್ ವಿಷಯ ಬೇಗ ಮುಗಿಸ್ತೀನಿ. ಅರ್ಧದಿಂದ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಸಣ್ಣ ಲೇತ್ ಸಾಕು, ಎರಡು ಸೆಂಟರ್ (ಮರವನ್ನ ಎರಡೂ ತುದೀಲಿ ಹಿಡಿಯೋ ಮೊನೆ) ಮಧ್ಯೆ 18 ಇಂಚು ಹಿಡಿಯತ್ತಾ ಅಂತ ಮಾತ್ರ ಅಳತೆ ನೋಡಿ ತಗೊಳ್ಳಿ, ಇಲ್ಲಾಂದ್ರೆ ಸ್ಟೂಲೇ ಗಿಡ್ಡ ಆಗತ್ತೆ. ಉಳಿ ನಾಲ್ಕು: ಚೌಕ ತುಂಡನ್ನ ದುಂಡಗೆ ಮಾಡೋಕೆ ರಫಿಂಗ್ ಗೌಜ್, ಮಣಿ, ತಗ್ಗು ತೆಗೆಯೋಕೆ ಸ್ಪಿಂಡಲ್ ಗೌಜ್, ನಯ ಮಾಡೋಕೆ ಓರೆ ಬಾಯಿಯ ಸ್ಕ್ಯೂ, ಕತ್ತರಿಸೋಕೆ ತೆಳು ಪಾರ್ಟಿಂಗ್ ಟೂಲ್. ಜೊತೆಗೆ ಸಾಣೆ ಹಿಡಿಯೋಕೆ ಗ್ರೈಂಡರ್. ಸಾಣೆ ಇಲ್ಲದ ಉಳಿ ಕೆತ್ತಲ್ಲ, ಕಿತ್ತಾಕತ್ತೆ, ಹೊಸಬರಿಗೆ "ನಂಗೆ ಕೈ ಬರ್ತಿಲ್ಲ" ಅನ್ಸೋದು ಮುಕ್ಕಾಲು ಪಾಲು ಇದಕ್ಕೇ.

ಹುಷಾರಿನ ಮಾತು: ಮುಖ ಪೂರ್ತಿ ಮುಚ್ಚೋ ಶೀಲ್ಡ್ ಹಾಕ್ಕೊಳ್ಳಿ, ಗ್ಲೌಸ್ ಮಾತ್ರ ಬೇಡವೇ ಬೇಡ, ತಿರುಗೋ ಮರ ಗ್ಲೌಸ್ ಹಿಡ್ಕೊಂಡ್ರೆ ಜೊತೆಗೆ ಬೆರಳನ್ನೂ ಎಳ್ಕೊಳತ್ತೆ. ಲುಂಗಿ, ಹೆಗಲ ಮೇಲಿನ ಟವಲ್, ಉದ್ದ ತೋಳು, ಕತ್ತಿನ ಸರ, ಬಳೆ, ಎಲ್ಲಾ ಹೊರಗೆ. ಉಜ್ಜುವಾಗ ಮಾಸ್ಕ್ ಹಾಕಿ, ಸಣ್ಣ ದೂಳು ಶ್ವಾಸಕೋಶಕ್ಕೆ ಹೋದ್ರೆ ಸುಲಭಕ್ಕೆ ಈಚೆ ಬರಲ್ಲ. ಕರೆಂಟ್ ಹೋದ್ರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಬೆಸ್ಕಾಂಗೆ ಬೈಯಿರಿ, ಕೈ ಒಳಗಿದ್ದಾಗ ಕರೆಂಟ್ ವಾಪಸ್ ಬಂದ್ರೆ ಕಥೆ ಬೇರೆ.

ಈಗ ಕಡೆಯೋಣ. ಈ "ಕಡೆಯೋದು" ಅನ್ನೋ ಮಾತು ನಮ್ಮಲ್ಲಿ ಮರಕ್ಕಷ್ಟೇ ಅಲ್ಲ, ಬೇಲೂರು ಹಳೇಬೀಡಲ್ಲಿ ಬಳಪದ ಕಲ್ಲಿನ ಕಂಬದ ಮೇಲಿನ ಉಂಗುರ ನೋಡಿದ್ರೆ ಕಲ್ಲನ್ನೂ ತಿರುಗಿಸಿ ಕಡೆದಿರೋದು ಗೊತ್ತಾಗತ್ತೆ, ಮೋಟಾರ್ ಇಲ್ದೇ! ಇರ್ಲಿ. ತುಂಡಿನ ಎರಡೂ ತುದೀಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಸೆಂಟರ್ ಹುಡುಕಿ, ಲೇತಿಗೆ ಕಚ್ಚಿಸಿ, ಟೂಲ್ ರೆಸ್ಟ್ (ಉಳಿ ಊರೋ ಪಟ್ಟಿ) ಹತ್ರ ತಂದು ಮೊದಲು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗ್ಬಾರ್ದು. ಚೌಕ ಇರೋವರೆಗೆ ವೇಗ 800ರಿಂದ 1000 ಆರ್‌ಪಿಎಂ ಸಾಕು, ದುಂಡಗಾದ್ಮೇಲೆ 1800ರವರೆಗೆ ಏರಿಸಿ. ಉಳಿ ಹಿಡಿಯೋಕೆ ಒಂದೇ ಕ್ರಮ, ಮೊದಲು ಉಳಿ ರೆಸ್ಟಿನ ಮೇಲೆ ಕೂರ್ಬೇಕು, ಆಮೇಲೆ ಅದರ ಇಳಿಜಾರು ಬೆನ್ನು ಮರವನ್ನ ಸವರ್ಬೇಕು, ಆಮೇಲೆ ಹಿಡಿಕೆ ಮೆಲ್ಲಗೆ ಎತ್ತಿದ್ರೆ ಬಾಯಿ ತಾನಾಗೇ ಕಚ್ಚಿ ಸುರುಳಿ ಸುರುಳಿ ಬರತ್ತೆ. ಬೆನ್ನು ತಾಗಿಸದೇ ನೇರ ಬಾಯಿ ಕೊಟ್ರೆ ಧಡ್ ಅಂತ ಒಂದು ಏಟು, ಎದೆ ಝಲ್ ಅನ್ನತ್ತೆ, ಕಾಲಿಗೆ ಒಂದು ಗುಳಿ ಬೀಳತ್ತೆ. ಕಡೆಯುವಾಗ ಯಾವಾಗ್ಲೂ ದಪ್ಪ ಕಡೆಯಿಂದ ಸಣ್ಣ ಕಡೆಗೆ ಇಳೀರಿ.

ಡಿಸೈನ್ ಸಿಂಪಲ್ಲಾಗಿರಲಿ, ಮಧ್ಯ ಒಂದೂಮುಕ್ಕಾಲು ಇಂಚು, ಕೆಳಗೆ ಒಂದೂಕಾಲು, ಮೇಲ್ಗಡೆ ತೂತಿಗೆ ಹೋಗಿ ಕೂರೋ ಭಾಗ, ಅಂದ್ರೆ ಟೆನನ್, 25 ಮಿಮೀ ದಪ್ಪ, ಎರಡು ಇಂಚು ಉದ್ದ. ಈ ಟೆನನ್ ಟೇಲ್‌ಸ್ಟಾಕ್ (ಮೋಟಾರಿಗೆ ಎದುರು ತುದೀಲಿ ಹಿಂದೆ ಮುಂದೆ ಸರಿಯೋ ಆಸರೆ) ಕಡೆ ಬರೋ ಹಾಗೆ ತುಂಡು ಹಾಕಿ. ಯಾಕಂದ್ರೆ 25 ಮಿಮೀ ಡ್ರಿಲ್ ಬಿಟ್‌ನಲ್ಲಿ ಒಂದು ವೇಸ್ಟ್ ಹಲಗೆಗೆ ತೂತು ಹೊಡೆದಿಟ್ಕೊಂಡು, ಮೆಷಿನ್ ನಿಲ್ಲಿಸಿ ಟೇಲ್‌ಸ್ಟಾಕ್ ಹಿಂದಕ್ಕೆ ಸರಿಸಿ ಆ ತೂತನ್ನೇ ಟೆನನ್ ಮೇಲೆ ತೂರಿಸಿ ನೋಡಬಹುದು. ಕೈಯಲ್ಲಿ ಒತ್ತಿದ್ರೆ ಬಿಗಿಯಾಗಿ ಹೋಗ್ಬೇಕು, ಜಾರಿ ಹೋದ್ರೆ ಆ ಕಾಲು ಲಟ್ಟಣಿಗೆ ಲೆಕ್ಕಕ್ಕೆ ಸೇರಿತು. ಟೆನನ್ ಬುಡದಲ್ಲಿ ಚೌಕ ಮೆಟ್ಟಿಲು ಬಿಡಬೇಡಿ, ಕಾಲು ಓರೆಯಾಗಿ ಹೋಗೋದ್ರಿಂದ ಮೆಟ್ಟಿಲು ಒಂದು ಕಡೆ ಮಾತ್ರ ತಾಗಿ ಇನ್ನೊಂದು ಕಡೆ ಸಂದಿ ಕಾಣತ್ತೆ, ಇಳಿಜಾರಾಗಿ ಸೇರಿಸಿಬಿಡಿ.

ಹಲಗೆ ದುಂಡಗೆ ಮಾಡೋಕೆ ಲೇತೇ ಬೇಕಂತಿಲ್ಲ, ಕೈವಾರದಲ್ಲಿ 11 ಇಂಚು ವ್ಯಾಸದ ವೃತ್ತ ಹಾಕಿ ಜಿಗ್‌ಸಾದಲ್ಲಿ (ಕೈಯಲ್ಲಿ ಹಿಡಿಯೋ ಕರೆಂಟ್ ಗರಗಸ) ಕೊಯ್ರಿ. ಲೇತಲ್ಲೇ ಕಡೀತೀನಿ ಅನ್ನೋರು ನೆನಪಿಡಿ, ರಫಿಂಗ್ ಗೌಜ್ ಹಲಗೆಗೆ ಮುಟ್ಟಿಸಬೇಡಿ, ಅದು ಕಾಲಿನಂಥ ಉದ್ದ ಕೆಲಸಕ್ಕೆ ಮಾತ್ರ, ಹಲಗೇಲಿ ಸಿಕ್ಕಾಕ್ಕೊಂಡ್ರೆ ಅದರ ಬುಡವೇ ಮುರಿಯತ್ತೆ.

ತೂತು ಎಲ್ಲಿ ಅಂತ ಗುರುತು ಮಾಡೋಕೆ ಹಲಗೆ ಕೆಳಮುಖದಲ್ಲಿ ಮೂರೂವರೆ ಇಂಚು ತ್ರಿಜ್ಯದ ವೃತ್ತ ಹಾಕಿ, ಕೈವಾರ ಬದಲಿಸದೇ ಅದೇ ಅಳತೇಲಿ ಸುತ್ತಲೂ ಹೆಜ್ಜೆ ಹಾಕಿದ್ರೆ ಆರು ಗುರುತು ಬರತ್ತೆ, ಒಂದು ಬಿಟ್ಟು ಒಂದು ತಗೊಂಡ್ರೆ ಮೂರು. ಪ್ರತಿ ಗುರುತಿಂದ ಮಧ್ಯಕ್ಕೆ ಗೆರೆ ಎಳೀರಿ. ದಪ್ಪ ರಟ್ಟಲ್ಲಿ ನೆಟ್ಟಗಿನ ಗೆರೆಯಿಂದ 15 ಡಿಗ್ರಿ ಓರೆ ಕತ್ತರಿಸಿ ಆ ಗೆರೆ ಮೇಲೆ ನಿಲ್ಲಿಸಿಕೊಂಡು, ಡ್ರಿಲ್ಲಿನ ಹಿಂಭಾಗ ಹೊರಗಡೆಗೆ ವಾಲೋ ಹಾಗೆ ರಟ್ಟಿಗೆ ಸಮವಾಗಿ ಹಿಡಿದು ತೂತು ಹೊಡೀರಿ. ಹಲಗೆ ಕೆಳಗೆ ಬೇರೆ ತುಂಡು ಇಟ್ಟು ಕ್ಲಾಂಪ್ ಬಿಗಿದ್ರೆ ಆಚೆ ಮುಖ ಸಿಗಿಯಲ್ಲ. ಒಂದೆರಡು ಡಿಗ್ರಿ ಆಚೀಚೆ ಆದ್ರೆ ತಲೆ ಕೆಡಿಸ್ಕೋಬೇಡಿ, ಯಾರೂ ಕೋನಮಾಪಕ ಹಿಡ್ಕೊಂಡು ಬರಲ್ಲ.

ಜೋಡಿಸೋ ಮುಂಚೆ ಕಾಲಿಗೆ ಬಣ್ಣ ಹಚ್ಚೋದಾದ್ರೆ ಲೇತ್ ಮೇಲಿರುವಾಗ್ಲೇ ಹಚ್ಚಿ. ನಂಗೆ ಇಷ್ಟ ಆಗೋದು ಚನ್ನಪಟ್ಟಣದ ಬೊಂಬೆಯವರ ಅರಗಿನ ವಿಧಾನ, ಅವರು ಬಿಳೀ ಆಲೆ ಮರಕ್ಕೆ ಮಾಡ್ತಾರೆ, ನಾವು ಹಲಸಿಗೆ ಮಾಡೋಣ. ಉಪ್ಪುಕಾಗದದಲ್ಲಿ ನಯವಾಗಿ ಉಜ್ಜಿ, ದೂಳು ಒರೆಸಿ, ತಿರುಗೋ ಕಾಲಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಾಟದ ಬಿಸಿಗೇ ಕರಗಿ ಅಂಟತ್ತೆ, ಆಮೇಲೆ ತಾಳೆಗರಿ ತುಂಡು ಒತ್ತಿ ಹಿಡಿದ್ರೆ ಸಮವಾಗಿ ಹರಡಿ ಕನ್ನಡಿ ಥರ ಮಿಂಚತ್ತೆ. ಟೆನನ್‌ಗೆ ಅರಗು ತಾಗಿಸಬೇಡಿ, ಅಂಟು ಹಿಡಿಯಲ್ಲ. ಕೂರೋ ಹಲಗೆಗೂ ಅರಗು ಬೇಡ, ಬಿಸಿ ಕಾಫಿ ಲೋಟ ಇಟ್ಟ ಕಡೆ ಗುರುತು ಬೀಳತ್ತೆ.

ಬೆಣೆ ಹೇಗೆ ಅಂದ್ರೆ, ಟೆನನ್ ತುದೀಲಿ ಮೂರನೇ ಎರಡು ಭಾಗದಷ್ಟು ಆಳಕ್ಕೆ ಗರಗಸದಲ್ಲಿ ಸೀಳಿ. ಹುಣಸೆನೋ ಅಕೇಶಿಯಾನೋ ಗಟ್ಟಿ ಮರದ ತೆಳು ಬೆಣೆ ಮಾಡ್ಕೊಳ್ಳಿ. ತೂತಿಗೂ ಟೆನನ್‌ಗೂ ಫೆವಿಕಾಲ್ ಹಚ್ಚಿ ಕೊಡತೀಲಿ ಹೊಡೆದು ಕೂರಿಸಿ, ಆ ಸೀಳು ಹಲಗೆಯ ಎಳೆಗೆ ಅಡ್ಡವಾಗಿ ಇರ್ಲೇಬೇಕು, ಎಳೆ ಓಡೋ ದಿಕ್ಕಲ್ಲೇ ಇಟ್ಟು ಬೆಣೆ ಹೊಡೆದ್ರೆ ಸೌದೆ ಸೀಳಿದ ಹಾಗೆ ಹಲಗೆ ಎರಡಾಗತ್ತೆ. ಆಮೇಲೆ ಹಲಗೆ ಮೇಲ್ಗಡೆಯಿಂದ ಆ ಸೀಳಿಗೆ ಬೆಣೆ ಹೊಡೀರಿ, ಟೆನನ್ ಅಗಲವಾಗಿ ಬಿಗಿಯಾಗತ್ತೆ. ಬೆಣೆ ಒಳಗೆ ಹೋಗ್ತಾ ಹೋಗ್ತಾ ಏಟಿನ ಶಬ್ದ ಬದಲಾಗತ್ತೆ, ಟಕ್ ಟಕ್ ಅನ್ನೋದು ಠಣ್ ಅಂದಾಗ ನಿಲ್ಲಿಸಿ. ಒಂದು ದಿನ ಬಿಟ್ಟು ಮೇಲೆ ಉಳಿದದ್ದನ್ನ ಕೊಯ್ದು ಉಜ್ಜಿ.

ಮೂರು ಕಾಲಿಗೆ ಕುಂಟೋ ಮಾತೇ ಇಲ್ಲ, ಎಂಥ ಅಂಗಳದಲ್ಲಾದ್ರೂ ನಿಲ್ಲತ್ತೆ, ಆದ್ರೆ ಹಲಗೆ ಓರೆ ಇರಬಹುದು. ಅಡುಗೆಮನೆ ಗ್ರಾನೈಟ್ ಮೇಲೆ ನಿಲ್ಲಿಸಿ, ಹಲಗೆ ಮಟ್ಟ ಬರೋವರೆಗೆ ಕಾಲಡಿಗೆ ರಟ್ಟು ಕೊಟ್ಟು, ಒಂದು ಸಣ್ಣ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ಮೂರೂ ಕಾಲಿನ ಸುತ್ತ ಗೆರೆ ಎಳೆದು ಆ ಗೆರೆಗೇ ಕೊಯ್ರಿ.

ಹಲಗೆಗೆ ಪೇಂಟ್ ಅಂಗಡೀಲಿ ಸಿಗೋ ಬಾಯ್ಲ್ಡ್ ಲಿನ್ಸೀಡ್ ಆಯಿಲ್ (ಅಗಸೆ ಎಣ್ಣೆ) ಎರಡು ಮೂರು ಸಲ ತೆಳ್ಳಗೆ ಒರೆಸಿ, ಒಂದೊಂದು ಸಲಕ್ಕೂ ಒಂದು ದಿನ ಗ್ಯಾಪ್ ಕೊಡಿ. ಎಣ್ಣೆ ಬಟ್ಟೆನ ಮುದ್ದೆ ಮಾಡಿ ಡಬ್ಬಕ್ಕೆ ಎಸೀಬೇಡಿ, ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ಕೊಳತ್ತೆ, ಹೆದರಿಸೋಕೆ ಹೇಳ್ತಿಲ್ಲ, ನಿಜ. ಹೊರಗೆ ತಂತಿ ಮೇಲೆ ಬಿಡಿಸಿ ಹಾಕಿ, ಗರಿಗರಿ ಆದ್ಮೇಲೆ ಎಸೀರಿ. ಕಡೆದ ಸುರುಳಿ ಮಾತ್ರ ಚೀಲಕ್ಕೆ ತುಂಬಿಡಿ, ಬಚ್ಚಲ ಒಲೆ ಹಚ್ಚೋಕೆ ಅದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ, ನಮ್ಮನೇಲಂತೂ ಸ್ಟೂಲಿಗಿಂತ ಮುಂಚೆ ಅದಕ್ಕೇ ಡಿಮ್ಯಾಂಡು.