ಅಮೆರಿಕದ ಪಿಯಾನೊ ಕಚೇರಿಗೆ ಹೋಗುವ ಮುಂಚೆ: ಹಳೆಯದನ್ನು ಕೇಳಿಕೊಂಡು ಹೋಗಿ, ಹೊಸದನ್ನು ಅಲ್ಲೇ ಕೇಳಿ

ನ್ಯೂಯಾರ್ಕ್, ಬಾಸ್ಟನ್ ಕಡೆ ಇರುವ ಕನ್ನಡದವರಿಗೆ ಇಂಥ ಕಚೇರಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಪಿಯಾನೊ ನುಡಿಸುವವರು ಒಬ್ಬರೇ. ಇಪ್ಪತ್ತನೇ ಶತಮಾನದ ಅಮೆರಿಕದ ಒಂದೆರಡು ದೊಡ್ಡ ಕೃತಿಗಳು, ಜೊತೆಗೆ ಅವರಿಗೆಂದೇ ಬರೆಸಿದ ಹೊಸ ಕೃತಿಗಳು. ನಮಗೆ ಇದೆಲ್ಲ ತಿಳಿಯಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ಮೊದಲು ಕಚೇರಿಯಲ್ಲಿ ನುಡಿಸುವ ಕೃತಿಗಳ ಪಟ್ಟಿ ನೋಡಿ, ಹಳೆಯ ಕೃತಿಗಳನ್ನು ಮನೆಯಲ್ಲೇ ಎರಡು ಮೂರು ಸಲ ಕೇಳಿ. ಏರನ್ ಕೋಪ್ಲಂಡ್ ಅವರ 'ಪಿಯಾನೊ ವೇರಿಯೇಷನ್ಸ್' (1930) ಇದ್ದರೆ ಅಲ್ಲಿಂದಲೇ ಶುರು ಮಾಡಿ. ಹನ್ನೆರಡು ನಿಮಿಷದ ಒಳಗೇ ಮುಗಿಯುತ್ತದೆ. ಮೊದಲಿಗೇ ಬರುವ ನಾಲ್ಕು ಸ್ವರಗಳನ್ನು ಗುನುಗಿಕೊಳ್ಳಿ, ಆಮೇಲೆ ಅವು ಎಲ್ಲೆಲ್ಲಿ ತಲೆ ಹಾಕುತ್ತವೆ ಅಂತ ಹಿಂಬಾಲಿಸಿ. ಕರ್ನಾಟಕ ಸಂಗೀತದ ನೆರವಲ್‌ನಲ್ಲಿ ಹಾಡಿನ ಒಂದೇ ಸಾಲನ್ನು ಬೆಳೆಸುವುದನ್ನು ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ.

ಜಾನ್ ಕೇಜ್ ಅವರ 'ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್' (1946–48) ಇದ್ದರಂತೂ ತಪ್ಪಿಸಿಕೊಳ್ಳಬೇಡಿ. ಇದಕ್ಕೆ ಪಿಯಾನೊದ 45 ಸ್ವರಗಳ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರ್ ಚೂರು ಸಿಕ್ಕಿಸಿರುತ್ತಾರೆ. ಒಂದು ಕೀ ಒತ್ತಿದರೆ ಗಂಟೆಯ ನಾದ, ಇನ್ನೊಂದು ಒತ್ತಿದರೆ ಮರ ತಟ್ಟಿದ ಸದ್ದು. ಕೇಜ್ ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟವರು ಗೀತಾ ಸಾರಾಭಾಯಿ, ಈ ಕೃತಿಯ ಹಿಂದೆ ಇರುವುದು ನಮ್ಮ ನವರಸ. ಯಾವ ತುಣುಕು ಯಾವ ರಸ ಅಂತ ಅವರು ಗುರುತು ಹಾಕಿಲ್ಲ, ಹಾಗಾಗಿ ಹುಡುಕುವ ಗೋಜಿಗೆ ಹೋಗದೆ ಕೇಳಿ.

ಹೊಸ ಕೃತಿಗೆ ಇದರ ಉಲ್ಟಾ ಮಾಡಿ. ರೆಕಾರ್ಡಿಂಗ್ ಹುಡುಕಬೇಡಿ, ಬರೆದವರ ಹೆಸರು, ಎಷ್ಟು ನಿಮಿಷ ಅನ್ನೋದು ಗೊತ್ತಿದ್ದರೆ ಸಾಕು. ದೊಡ್ಡ ಕೃತಿ ಹೌದೋ ಅಲ್ವೋ ಅಂತ ಅಳೆಯಲು ಹೋದರೆ ಕೇಳುವುದೇ ನಿಂತುಹೋಗುತ್ತದೆ. ಸ್ಯಾಮ್ಯುಯೆಲ್ ಬಾರ್ಬರ್ ಅವರ ಸೊನಾಟಾ (ಹಲವು ಭಾಗಗಳ ಪಿಯಾನೊ ಕೃತಿ) ಕೂಡ ಹಾಡುಗಳ ಸಂಯೋಜಕರಾದ ಇರ್ವಿಂಗ್ ಬರ್ಲಿನ್, ರಿಚರ್ಡ್ ರಾಜರ್ಸ್ ಹಣ ಕೊಟ್ಟು ಬರೆಸಿದ್ದೇ, 1949ರಲ್ಲಿ ಪಿಯಾನೊ ವಾದಕ ಹೊರೊವಿಟ್ಜ್ ಮೊದಲ ಸಲ ನುಡಿಸಿದಾಗ ಅದೂ ಯಾರೂ ಕೇಳಿರದ ಸಂಗೀತವೇ. ಇದರ ಬದಲು, ಪಿಯಾನೊ ವಾದಕರು ಹಳೆಯದು, ಹೊಸದು ಎರಡನ್ನೂ ಯಾಕೆ ಅಕ್ಕಪಕ್ಕ ಇಟ್ಟರು ಅಂತ ಯೋಚಿಸುತ್ತಾ ಕೇಳಿ. ಹಳೆಯದರಲ್ಲಿ ಕಿವಿಗೆ ಬಿದ್ದ ಒಂದು ಲಯ, ಒಂದು ದೀರ್ಘ ಮೌನ ಹೊಸದರಲ್ಲಿ ಬೇರೆ ವೇಷದಲ್ಲಿ ಬಂದಿರಬಹುದು. ನನಗೆ ಇಂಥ ಕಚೇರಿಯಲ್ಲಿ ಅತಿ ಖುಷಿ ಕೊಡುವುದು ಇದೇ.

ಸೀಟು ಎಡಗಡೆ ತೆಗೆದುಕೊಳ್ಳಿ, ಬೆರಳುಗಳು ಕಾಣುತ್ತವೆ. ಚಾರ್ಲ್ಸ್ ಐವ್ಸ್ ಅವರ 'ಕಾಂಕರ್ಡ್ ಸೊನಾಟಾ'ದ ಎರಡನೇ ಭಾಗದಲ್ಲಿ 14¾ ಇಂಚಿನ ಮರದ ಪಟ್ಟಿಯನ್ನು ಕೀಗಳ ಮೇಲಿಟ್ಟು ಮೆಲ್ಲಗೆ ಒತ್ತುತ್ತಾರೆ, ಅದನ್ನು ಕಣ್ಣಾರೆ ನೋಡಲೇಬೇಕು. ತಂತಿಗಳನ್ನೇ ಮೀಟುವ ಕೃತಿಯಿದ್ದರೆ ಬಾಲ್ಕನಿ ಒಳ್ಳೆಯದು.

ನಮ್ಮ ಕಚೇರಿಯಲ್ಲಿ ನಡುವೆ ಭಲೇ ಅನ್ನಬಹುದು, ತಾಳ ಹಾಕಬಹುದು. ಇಲ್ಲಿ ಬೇಡ. ಕೃತಿಯ ಒಂದು ಭಾಗ ಮುಗಿದ ತಕ್ಷಣ ಚಪ್ಪಾಳೆಯೂ ಬೇಡ. ವಾದಕರು ಕೈ ಇಳಿಸಿ ಸಭೆಯ ಕಡೆ ತಿರುಗುವ ತನಕ ಕಾಯಿರಿ.

ಹೊಸ ಕೃತಿ ಬರೆದವರು ಎಷ್ಟೋ ಸಲ ಸಭೆಯಲ್ಲೇ ಇರುತ್ತಾರೆ. ಮುಗಿದ ಮೇಲೆ ಹೋಗಿ ಮಾತಾಡಿಸಿ, ಯಾವ ಜಾಗ ಇಷ್ಟವಾಯಿತು ಅಂತ ನೇರವಾಗಿ ಹೇಳಿ, ರೆಕಾರ್ಡಿಂಗ್ ಯಾವಾಗ ಬರುತ್ತದೆ ಅಂತಲೂ ಕೇಳಿ.