ಬೆಣ್ಣೆ ದೋಸೆಯ ಅಡುಗೆಮನೆಯಲ್ಲಿ ಅಂಟಿಸಿದ ಉಗುರು

ದಾವಣಗೆರೆಯಲ್ಲಿ ನಾನು ನಡೆಸುವುದು ಪುಟ್ಟ ಬೆಣ್ಣೆ ದೋಸೆ ಹೋಟೆಲ್. ಕೆಲಸಕ್ಕಿರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮೊದಲೆಲ್ಲ ಮದುವೆ ಸೀಸನ್ ಅಂದರೆ ಬರೀ ನೇಲ್ ಪಾಲಿಶ್. ಈಗ ಫ್ಯಾನ್ಸಿ ಸ್ಟೋರಿನಲ್ಲಿ ಡಬ್ಬಿಯಲ್ಲೇ ಸಿಗುವ ಅಂಟಿಸುವ ಉಗುರು, ಸ್ವಲ್ಪ ದುಡ್ಡು ಕೂಡಿಟ್ಟವರಿಗೆ ಪಾರ್ಲರಿನ ಜೆಲ್ ಉಗುರು. ಎರಡನ್ನೂ ನಾನು ಅಡುಗೆಮನೆಯೊಳಗೆ ಬಿಡುವುದಿಲ್ಲ.

ಮುಖ್ಯ ಕಾರಣ ಬೆಣ್ಣೆ. ಬೆಂದ ಆಲೂಗಡ್ಡೆ ಸುಲಿಯುವುದು, ಪಲ್ಯ ಹಿಸುಕುವುದು, ಬೆಣ್ಣೆ ಉಂಡೆ ಕಟ್ಟುವುದು, ನಮ್ಮಲ್ಲಿ ಎಲ್ಲ ಕೈಯಿಂದಲೇ. ಅಂಟಿಸಿದ ಉಗುರಿನ ಅಡಿ ಬೆಣ್ಣೆ ಹೊಕ್ಕರೆ ತಣ್ಣೀರು, ಸೋಪಿಗೆ ಅದು ಜಗ್ಗುವುದಿಲ್ಲ. ಹಿಟ್ಟೂ ತೇವವೂ ಅಲ್ಲೇ ಕೂರುತ್ತವೆ. ಬಿಸಿನೀರಲ್ಲಿ ಮತ್ತೆ ಮತ್ತೆ ತೊಳೆದರೆ ಅಂಟೇ ಸಡಿಲ. ನಮ್ಮ ಚಟ್ನಿ ಬೇರೆ ಬಿಳಿ. ಅದರೊಳಗೆ ಬಿದ್ದ ಉಗುರನ್ನು ಗಿರಾಕಿ ಕೊಬ್ಬರಿ ಚೂರೆಂದು ಅಗಿದಾನು.

"ಗ್ಲೌಸ್ ಹಾಕ್ಕೊಂತೀನಿ ಬಿಡಕ್ಕ" ಎನ್ನುವವರು ಇರುತ್ತಾರೆ. ಉದ್ದ ಉಗುರಿನ ತುದಿಗೆ ತೆಳು ಗ್ಲೌಸ್ ಹರಿಯುತ್ತದೆ. ಕಾದ ಹಂಚಿನ ಹತ್ತಿರವಂತೂ ಪ್ಲಾಸ್ಟಿಕ್ ಕರಗಿ ಚರ್ಮಕ್ಕೇ ಅಂಟೀತು.

ಇದು ನನ್ನೊಬ್ಬಳ ಹಟವಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಮತ್ತು ನೋಂದಣಿಗೆಂದು 2011ರಲ್ಲಿ ಬಂದ ನಿಯಮಗಳ 4ನೇ ಶೆಡ್ಯೂಲಿನಲ್ಲೇ ಇದೆ: ಆಹಾರ ಮುಟ್ಟುವವರು ಉಗುರು ಕತ್ತರಿಸಿಕೊಂಡಿರಬೇಕು, ಕೃತಕ ಉಗುರು, ಊಟದೊಳಗೆ ಬೀಳಬಹುದಾದ ಸಡಿಲ ಒಡವೆ ಹಾಕಬಾರದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ರೋಗಿಗಳನ್ನು ಮುಟ್ಟುವ ಸಿಬ್ಬಂದಿಗೂ ಕೃತಕ ಉಗುರು ಬೇಡವೆಂದಿತು. ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಲಿ ಎಂದಿತು. ನನ್ನ ಅಳತೆಗೆ ಸ್ಕೇಲು ಬೇಕಿಲ್ಲ. ಅಂಗೈ ನಿಮ್ಮ ಕಡೆ ಹಿಡಿದು ನೋಡಿ, ಬೆರಳ ತುದಿ ದಾಟಿ ಉಗುರು ಇಣುಕಿದರೆ ಕತ್ತರಿಸಿ.

ನಿಯಮ ಬರೆದು ಗೋಡೆಗೆ ಅಂಟಿಸಿದ್ದಕ್ಕೆ ಯಾರೂ ಜುಮ್ಮೆನ್ನಲಿಲ್ಲ. ಪಾಲನೆ ಶುರುವಾದದ್ದು ಗಂಡಸರ ಕೈ ನೋಡಿದ ಮೇಲೆ. ದೋಸೆ ಹುಯ್ಯುವವರ ಬೆರಳಲ್ಲಿ ಹವಳದುಂಗುರ, ಮಣಿಕಟ್ಟಿನಲ್ಲಿ ದುಗ್ಗಮ್ಮನ ಜಾತ್ರೆಯಿಂದ ಹಿಡಿದು ಧರ್ಮಸ್ಥಳದವರೆಗಿನ ದಾರಗಳು, ಬಣ್ಣ ಹೋಗಿ ಹಿಟ್ಟು ಕುಡಿದು ಗಟ್ಟಿಯಾದವು. ನನ್ನ ಕೇಳಿದರೆ ಇವು ಅಂಟಿಸಿದ ಉಗುರಿಗಿಂತ ಕೊಳಕು. "ಅವರ ದಾರ ಆದ್ರೆ ದೇವ್ರು, ನಮ್ ಉಗುರಾದ್ರೆ ಶೋಕಿನಾ ಅಕ್ಕಾ?" ಎಂದು ಹುಡುಗಿಯೊಬ್ಬಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಉಂಗುರ ಬಿಚ್ಚಿ ಬೀರುವಿನಲ್ಲಿಡಿ, ದಾರವನ್ನು ರಟ್ಟೆಗೆ, ತೋಳಿನ ಬಟ್ಟೆಯೊಳಗೆ ಕಟ್ಟಿಕೊಳ್ಳಿ ಎಂದೆ. ದೇವರ ದಾರ ಕತ್ತರಿಸಿ ಎಂದಿದ್ದರೆ ಮಾರನೇ ದಿನ ಹಂಚಿನ ಮುಂದೆ ನಾನೇ ನಿಲ್ಲಬೇಕಿತ್ತು.

ಗಾಜಿನ ಬಳೆ ತೆಗೆಯಿರಿ ಎಂದು ಮುತ್ತೈದೆಯರಿಗೆ ನಾನು ಹೇಳುವುದಿಲ್ಲ, ಹೇಳಿದರೂ ಕೇಳರು. ಆದರೆ ಬಳೆ ಒಡೆದು ರುಬ್ಬುವ ಕಲ್ಲಿಗೆ ಬಿದ್ದರೆ ಅಷ್ಟೂ ಹಿಟ್ಟು ಚರಂಡಿಗೆ. ಅದಕ್ಕೆ ಟೈಲರ್ ಹತ್ತಿರ ಎಲಾಸ್ಟಿಕ್ ಹಾಕಿದ ಬಟ್ಟೆ ತೋಳು ಹೊಲಿಸಿಕೊಟ್ಟಿದ್ದೇನೆ, ಬಳೆ ಅದರೊಳಗೆ. ತಾಳಿ ರವಿಕೆಯೊಳಗೆ, ಪಿನ್ನು ಹಾಕಿ. ಮೆಹಂದಿ ಒಣಗಿ ಉದುರಿ ಬಣ್ಣವಷ್ಟೇ ಉಳಿದಿದ್ದರೆ ತಕರಾರಿಲ್ಲ.

ಮದುವೆಯಿಂದ ನೇರ ಜೆಲ್ ಉಗುರಿನಲ್ಲೇ ಬಂದವರನ್ನು ಅಲ್ಲೇ ಕೀಳಿಸುವುದಿಲ್ಲ. ಡಬ್ಬಿಯ ಉಗುರು ಬೆಚ್ಚನೆ ಸೋಪು ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಜೆಲ್ಲಿಗೆ ಅಸಿಟೋನ್ ಎಂಬ ದ್ರಾವಕ ಬೇಕು, ಎಳೆದರೆ ಸ್ವಂತ ಉಗುರಿನ ಪದರವೇ ಕಿತ್ತು ಬರುತ್ತದೆ. ಪಾರ್ಲರಿಗೆ ಹೋಗಿ ತೆಗೆಸುವವರೆಗೆ ಅವರಿಗೆ ಟೋಕನ್ ಕೌಂಟರ್, ಸಂಬಳ ಅದೇ. ಹಾಗಾದರೆ ಎಲ್ಲರೂ ಕೌಂಟರಿಗೇ ಬರುವುದಿಲ್ಲವೇ ಎಂದು ಬೇರೆ ಹೋಟೆಲಿನವರು ಕೇಳುತ್ತಾರೆ. ಅಲ್ಲಿರುವುದು ಒಂದೇ ಕುರ್ಚಿ. ಯಾರ ಮನೆಯ ಮದುವೆಗೆ ಯಾರು ಕೂರಬೇಕೆಂದು ಅವರವರೇ ಮೊದಲೇ ಮಾತಾಡಿಕೊಂಡು ನನಗೆ ತಿಳಿಸುತ್ತಾರೆ.